ಪೋರ್ಚುಗಲ್ಲಿಗೆ ಹೋದ ಮನೆಯ ನಕ್ಷೆ

ಲಿಸ್ಬನ್, ಮೊದಲ ದಿನ

ಲಿಸ್ಬನ್ನಿನ ಹಳದಿ ಟ್ರಾಮಿಗೆ ಮುಂದಿನ ಬಾಗಿಲಿನಿಂದ ಹತ್ತಬೇಕು, ಹಿಂದಿನಿಂದ ಇಳಿಯಬೇಕು. ಹೊರಡುವ ಮುಂಚೆ ಇದನ್ನೆಲ್ಲ ಓದಿಕೊಂಡಿದ್ದೆ. ದೊಡ್ಡಮ್ಮನಿಗೆ ಹೇಳುವುದನ್ನು ಮಾತ್ರ ಮರೆತಿದ್ದೆ.

ಟ್ರಾಮ್ ಬಂತು. ನಾನು ಸಾಲಿನಲ್ಲಿ ನಿಂತು ಹತ್ತಿ, ಕಾರ್ಡನ್ನು ಯಂತ್ರಕ್ಕೆ ತಾಗಿಸಿ ತಿರುಗಿದರೆ, ನನ್ನ ಹಿಂದೆ ಇದ್ದವನು ಕ್ಯಾಮೆರಾ ತೂಗಿಕೊಂಡ ಒಬ್ಬ ಉದ್ದನೆಯ ಮುದುಕ. ದೊಡ್ಡಮ್ಮ ಹಿಂಬಾಗಿಲ ಬಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದಳು. ಬಾಗಿಲು ತೆರೆಯಿತು. ಒಳಗಿದ್ದವರೆಲ್ಲ ಅವಳ ಮೇಲೆಯೇ ಇಳಿದು ಬಂದರು. ಕೊನೆಯವನು ಇಳಿದದ್ದೇ ಬಾಗಿಲು ಮುಚ್ಚಿಕೊಂಡಿತು. ಟ್ರಾಮ್ ಹೊರಟಿತು. ಕಿಟಕಿಯಾಚೆ ಅವಳು ಸಣ್ಣದಾಗುತ್ತ ಹೋದಳು.

ಮುಂದಿನ ನಿಲ್ದಾಣದಲ್ಲಿ ಇಳಿದು, ಕಲ್ಲು ಹಾಸಿದ ಏರು ಬೀದಿಯಲ್ಲಿ ಓಡಿ ಬಂದೆ. ದೊಡ್ಡಮ್ಮ ಹೆದರಿರಲಿಲ್ಲ. ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಟ್ರಾಮಿನ ಮೇಲೆ ದೂರು ಹೇಳುತ್ತಿದ್ದಳು, ಶುದ್ಧ ಕುಂದಾಪ್ರ ಕನ್ನಡದಲ್ಲಿ. ಆ ಹೆಂಗಸು ತಲೆದೂಗುತ್ತಿದ್ದಳು.

"ಹಿಂದಿನ್ ಬಾಗ್ಲಂಗೆ ಹತ್ತುಕ್ ಬಿಡ್ಲಿಲ್ಲೆ ಕಾಣ್ ಹೆಣೆ," ಎಂದಳು ನನ್ನನ್ನು ನೋಡಿ. ಹೆಣೆ ಎಂದರೆ ನಮ್ಮ ಕಡೆ ಹುಡುಗಿ. "ಬುಟ್ಟಿಯೂ ಇಲ್ಲೆ ನನ್ ಕೈಯಂಗೆ! ಎಂತ ಜನವೋ."

ನಮ್ಮ ಬೈಂದೂರು–ಕುಂದಾಪುರ ಬಸ್ಸುಗಳಲ್ಲಿ ಮೀನಿನ ಬುಟ್ಟಿಯವರು ಹಿಂದಿನ ಬಾಗಿಲಿನಿಂದ ಹತ್ತುತ್ತಾರೆ. ಹಾಗಂತ ಎಲ್ಲೂ ಬರೆದಿಲ್ಲ. ಯಾರೂ ಹೇಳಿಕೊಡುವುದಿಲ್ಲ. ದೊಡ್ಡಮ್ಮ ಮೂವತ್ತು ವರ್ಷ ಹಾಗೆಯೇ ಹತ್ತಿದವಳು. ನಾನು ನಕ್ಕೆ, ಅವಳೂ ನಕ್ಕಳು. ಮುಂದಿನ ಟ್ರಾಮಿಗೆ ಅವಳ ಕೈ ಹಿಡಿದು ಮುಂದಿನಿಂದ ಹತ್ತಿಸಿದೆ.

ನಾವು ಹೊರಟದ್ದು ಏಕೆ

ನಾನು ಮನೆಗಳ ಒಳಾಂಗಣ ವಿನ್ಯಾಸ ಮಾಡುತ್ತೇನೆ. ಕುಂದಾಪುರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ ನನ್ನ ಕಚೇರಿ. ಅಲ್ಲಿಯವರೆಗೆ ಮಾಡಿದ್ದು ಬೇರೆಯವರ ಕಪಾಟುಗಳು, ಒಬ್ಬ ದಂತವೈದ್ಯರ ಕಾಯುವ ಕೋಣೆ, ಬ್ರಹ್ಮಾವರದಲ್ಲಿ ಒಂದು ಚಪ್ಪಲಿ ಅಂಗಡಿ. ನೆಲದಿಂದ ಮಾಡಿನವರೆಗೆ ಪೂರ್ತಿ ನನ್ನ ಕೈಗೆ ಬಂದ ಮೊದಲ ಮನೆ ದೊಡ್ಡಮ್ಮನದು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮರವಂತೆಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಳು. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ಎತ್ತಿ, ಬಿಜೂರಿನಲ್ಲಿ ಮನೆಮನೆಗೆ ಮಾರಿ, ಸಂಜೆ ಖಾಲಿ ಬುಟ್ಟಿಯೊಂದಿಗೆ ಮರಳುತ್ತಿದ್ದಳು. ಮಂಡಿ ನೋವು ಶುರುವಾದ ಮೇಲೆ ಬುಟ್ಟಿಯನ್ನು ಸುಜಾತ ಎಂಬವಳಿಗೆ ಬಿಟ್ಟುಕೊಟ್ಟಳು. ಆಮೇಲೆ ಬಿಜೂರಿನಲ್ಲೇ, ತಾನು ಮೀನು ಮಾರಿದ ಓಣಿಯಲ್ಲೇ, ಜಾಗ ತೆಗೆದುಕೊಂಡಳು. "ಅಲ್ಲಿನ್ ನಾಯಿಗಳಿಗೂ ನನ್ನ್ ಗುರ್ತ ಇತ್ತ್," ಎಂದಿದ್ದಳು.

ನಕ್ಷೆಯನ್ನು ನಾನು ಬಹಳ ಯೋಚಿಸಿ ಮಾಡಿದ್ದೆ. ಎದುರಿಗೆ ಬೆಳಕು ತುಂಬಿದ ಹಾಲ್. ಮಧ್ಯದಲ್ಲಿ ಅಡುಗೆಮನೆ, ಹೊಗೆ ಎಳೆಯುವ ಚಿಮಣಿ ಸಹಿತ. ಅದರ ಹಿಂದೆ ಮೀನಿನ ಕೆಲಸಕ್ಕೆಂದೇ ಒಂದು ಸಣ್ಣ ಕೋಣೆ: ಆಳವಾದ ಸಿಂಕು, ಕಲ್ಲಿನ ಕಟ್ಟೆ, ಹಿತ್ತಲಿಗೆ ತೆರೆಯುವ ಪ್ರತ್ಯೇಕ ಬಾಗಿಲು. ಮೀನಿನ ವಾಸನೆ ಎದುರಿನ ಹಾಲ್‌ಗೆ ಬರುವ ಪ್ರಶ್ನೆಯೇ ಇಲ್ಲ. ಆ ಕೋಣೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ದೊಡ್ಡಮ್ಮ ನಕ್ಷೆ ನೋಡಿ "ಚಂದ ಇತ್ತ್" ಎಂದಳು. ಸಂತೆಯಲ್ಲಿ ಬೇರೆಯವರ ಬುಟ್ಟಿಯ ಮೀನು ನೋಡಿ ಹೇಳುವ "ಚಂದ ಇತ್ತ್" ಅದು.

"ಎಂತ ಸಮ ಇಲ್ಲೆ ದೊಡ್ಡಮ್ಮ, ಹೇಳ್," ಎಂದೆ.

"ಎಂತದೋ ಒಂದ್ ಸಮ ಇಲ್ಲೆ. ಎಂತದ್ ಅಂದ್ ಕೇಳ್ಬೇಡ. ನಂಗೂ ಗೊತ್ತಿಲ್ಲೆ."

ಬಣ್ಣ ಬದಲಾಯಿಸಿದೆ. ಕಿಟಕಿ ಹಿಗ್ಗಿಸಿದೆ. ದೇವರ ಕೋಣೆಯನ್ನು ಆಚೆ ಸರಿಸಿದೆ. ಮೂರು ಸಲವೂ "ಚಂದ ಇತ್ತ್." ಅಷ್ಟರಲ್ಲಿ ಹೊರಗೋಡೆಗಳು ಕಿಟಕಿಯ ಎತ್ತರಕ್ಕೆ ಬಂದಿದ್ದವು. ಮೇಸ್ತ್ರಿ ಭಾಸ್ಕರಣ್ಣ ಎರಡು ವಾರ ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಬಂದ ಮೇಲೆ ನೀರಿನ ಪೈಪು ಹೂತು, ಒಳಗೋಡೆ ಎಬ್ಬಿಸುತ್ತಾರೆ. ಆಮೇಲೆ ಅಡುಗೆಮನೆ ಎಲ್ಲಿದೆಯೋ ಅಲ್ಲೇ. ಸಮವಿಲ್ಲದ್ದು ಏನೆಂದು ಆ ಎರಡು ವಾರದಲ್ಲಿ ಗೊತ್ತಾಗಬೇಕಿತ್ತು. ಗೊತ್ತಾಗದಿದ್ದರೆ ದೊಡ್ಡಮ್ಮ ಉಳಿದ ಬದುಕನ್ನು ಆ "ಚಂದ ಇತ್ತ್"ನ ಒಳಗೆ ಕಳೆಯಬೇಕಿತ್ತು.

ಅದೇ ಹೊತ್ತಿಗೆ ಲಿಸ್ಬನ್ನಿನಲ್ಲಿ ಕೈಯಿಂದ ಟೈಲ್ಸ್ ಮಾಡುವುದನ್ನು ಕಲಿಸುವ ಸಣ್ಣ ಕಮ್ಮಟವೊಂದರಲ್ಲಿ ನನಗೆ ಜಾಗ ಸಿಕ್ಕಿತ್ತು. ಹೊಸ ಮನೆಗಳನ್ನು ನೋಡಿದರೆ ತಲೆ ತೆರೆದುಕೊಳ್ಳಬಹುದು ಎಂದುಕೊಂಡೆ. ದೊಡ್ಡಮ್ಮನ ಹತ್ತಿರ ಪಾಸ್‌ಪೋರ್ಟ್ ಇತ್ತು. ಮಗಳ ಬಾಣಂತನಕ್ಕೆಂದು ಬಹರೇನಿಗೆ ಹೋಗಿ ಬಂದಿದ್ದಳು.

"ಮನಿ ನಂದ್. ಕಾಂಬುದ್ ನೀನೊಬ್ಳೇಯಾ?" ಎಂದಳು. "ನಾನೂ ಬತ್ತೆ."

ಲಿಸ್ಬನ್, ಮೂರನೇ ದಿನ

ನಾವು ಇಳಿದುಕೊಂಡದ್ದು ಬೆಟ್ಟದ ಮೇಲಿನ ಹಳೆಯ ಕೇರಿಯೊಂದರಲ್ಲಿ, ಫಿಲೋಮಿನಾ ಎಂಬ ವಿಧವೆಯ ಮನೆಯ ಹೆಚ್ಚುವರಿ ಕೋಣೆಯಲ್ಲಿ. ಹೆಸರು ಕೇಳಿದ್ದೇ ದೊಡ್ಡಮ್ಮ, ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ರೂಢಿಯಂತೆ, "ಫಿಲೋಮಿನಾ ಬಾಯಿ" ಎಂದು ಕರೆಯತೊಡಗಿದಳು. ಎಲ್ಲಿಂದ ಕರೆದರೂ ಆಕೆ ಓಗೊಡುತ್ತಿದ್ದಳು.

ನಾನು ಬೆಳಿಗ್ಗೆ ಕಮ್ಮಟಕ್ಕೆ ಹೋಗುತ್ತಿದ್ದೆ. ಸುಟ್ಟ ಮಣ್ಣಿನ ಬಿಲ್ಲೆಗೆ ಬಿಳಿ ಲೇಪ ಹಚ್ಚಿ, ಮತ್ತೆ ಸುಡುವ ಮೊದಲು ನೀಲಿಯಲ್ಲಿ ಬರೆಯಬೇಕು. ತಪ್ಪಾದರೆ ಅಳಿಸಲಾಗದು, ಲೇಪ ಬಣ್ಣವನ್ನು ಕುಡಿದುಬಿಡುತ್ತದೆ. ನನ್ನಂಥ, ಗೆರೆ ಎಳೆದು ಮೂರು ಸಲ ಅಳಿಸುವವಳಿಗೆ ಅದು ಶಿಕ್ಷೆ. ಮೂರನೇ ದಿನ ಒಂದು ಮೀನು ಬರೆದೆ. ಸಂಜೆ ದೊಡ್ಡಮ್ಮನಿಗೆ ತೋರಿಸಿದೆ.

"ಬಾಳಿಹಣ್ಣ್ ಚಂದ ಬಂದಿತ್ತ್," ಎಂದಳು.

"ಮೀನ್ ಅದ್, ದೊಡ್ಡಮ್ಮ."

"ಮೀನಾ? ಹಾಂಗಾರೆ ಹಾಳಾಯಿ ನಾಕ್ ದಿನ ಆಯ್ತ್ ಅದ್."

ಆ ಊರಿನಲ್ಲಿ ಮನೆಗಳ ಹೊರಗೋಡೆಗೂ ಟೈಲ್ಸ್ ಹಾಕುತ್ತಾರೆ, ನೆಲದಿಂದ ಮಾಡಿನವರೆಗೆ. ನೀಲಿ, ಹಸಿರು, ಹಳದಿ. ಬೀದಿಗೆ ಬೀದಿಯೇ ಹೊಳೆಯುತ್ತದೆ. ನಾನು ನಿಂತು ನಿಂತು ನೋಡುತ್ತಿದ್ದೆ. ದೊಡ್ಡಮ್ಮನಿಗೆ ಅದು ಒಗ್ಗಲಿಲ್ಲ. "ಬಚ್ಲ್ ಮನಿ ಹೊರ್ಗ್ ಬಂದಂಗಿತ್ತ್," ಎಂದಳು. ಒಣ ಮೀನಿನ ಅಂಗಡಿಯೊಂದರಲ್ಲಿ ಮಾತ್ರ ಅವಳು ಅರ್ಧ ಗಂಟೆ ನಿಂತಳು. ಅಲ್ಲಿ ಅಡಿಕೆ ಹಾಳೆಯಷ್ಟು ದೊಡ್ಡ ಉಪ್ಪು ಮೀನುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಒಂದನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದಳು. "ಇದ್ ಮೀನಾ, ಹಲ್ಗಿಯಾ?" ಅಂಗಡಿಯವನಿಗೆ ಏನು ಅರ್ಥವಾಯಿತೋ, ಹೆಮ್ಮೆಯಿಂದ ತಾನೂ ಒಮ್ಮೆ ಬಡಿದ.

ನಾನು ಕಮ್ಮಟದಲ್ಲಿದ್ದಾಗ ದೊಡ್ಡಮ್ಮ, ಫಿಲೋಮಿನಾ ಬಾಯಿ ಇಬ್ಬರೂ ಏನು ಮಾಡುತ್ತಾರೆ ಎಂದು ನನಗೆ ಚಿಂತೆಯಿತ್ತು. ಅಂದು ಬೇಗ ಬಂದೆ. ಫಿಲೋಮಿನಾ ಬಾಯಿಯ ಅಡುಗೆಮನೆ ಬೀದಿಯ ಕಡೆಗಿದೆ. ಕಿಟಕಿಯ ಬುಡದಲ್ಲೇ ಒಲೆ. ಆಕೆ ಕಿಟಕಿ ತೆರೆದಿಟ್ಟು, ಈರುಳ್ಳಿ ಹೆಚ್ಚುತ್ತ, ಎದುರು ಮನೆಯವಳ ಜೊತೆ ಜಗಳವಾಡುತ್ತಿದ್ದಳು. ದೊಡ್ಡಮ್ಮ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಬಟಾಟೆ ಸುಲಿಯುತ್ತ, ಜಗಳದಲ್ಲಿ ಫಿಲೋಮಿನಾ ಬಾಯಿಯ ಪಕ್ಷ ವಹಿಸಿದ್ದಳು.

"ಎಂತ ವಿಷಯಕ್ ಜಗ್ಳ?" ಎಂದೆ.

"ಯಾರಿಗ್ ಗೊತ್ತಿತ್ತ್? ನಮ್ಮ್ ಬಾಯಿದೇ ಸಮ ಇತ್ತ್. ಮುಖ ಕಂಡ್ರೆ ಗೊತ್ತಾತಿಲ್ಲ್ಯಾ?" ಆಮೇಲೆ ಕಿಟಕಿ ತೋರಿಸಿ, "ಇದ್ಕ್ ಇವ್ರೂ ಜನೇಲ್ ಅಂಬ್ದೇ ಅಂಬ್ರ್. ನಮ್ಮಂಗೇ," ಎಂದಳು ಖುಷಿಯಿಂದ.

ಆ ರಾತ್ರಿ ಮಲಗುವ ಮುಂಚೆ ಟಿಪ್ಪಣಿ ಪುಸ್ತಕದಲ್ಲಿ ಟೈಲ್ಸಿನ ಅಳತೆ, ನೀಲಿಯ ನಾಲ್ಕು ಛಾಯೆ, ಕೀಲುಗಳ ಅಗಲ ಬರೆದಿಟ್ಟೆ. ಅಡುಗೆಮನೆ ಬೀದಿಯ ಕಡೆಗಿದ್ದುದನ್ನು ಬರೆಯಲಿಲ್ಲ. ನನಗೆ ಅದು ಹಳೆಯ ಇಕ್ಕಟ್ಟಾದ ಮನೆಯ ಅನಿವಾರ್ಯ ದೋಷದಂತೆ ಕಂಡಿತ್ತು.

ನಜರೆ

ಕಮ್ಮಟ ಮುಗಿದ ಮೇಲೆ ಉತ್ತರಕ್ಕೆ ಹೊರಟೆವು. ದಾರಿಯಲ್ಲಿ ನಜರೆ ಎಂಬ ಮೀನುಗಾರರ ಊರಿನಲ್ಲಿ ಎರಡು ದಿನ. ಬಸ್ಸಿನಿಂದ ಇಳಿದದ್ದೇ ದೊಡ್ಡಮ್ಮ ಮೂಗು ಎತ್ತಿ ನಿಂತಳು. "ಬಂತ್ ಕಾಣ್, ನಮ್ಮೂರ್."

ನಮ್ಮೂರಲ್ಲ. ಮರವಂತೆಯಲ್ಲಿ ಕಡಲು ರಸ್ತೆಯವರೆಗೆ ಬಂದು ಇಣುಕುತ್ತದೆ; ಇಲ್ಲಿ ಅದು ದೂರದಲ್ಲಿ, ಅಗಲವಾದ ಮರಳಿನ ಆಚೆ, ತಣ್ಣಗೆ ಬಿದ್ದುಕೊಂಡಿದೆ. ಆದರೆ ಆ ಮರಳಿನ ಮೇಲೆ, ಹೋಟೆಲುಗಳ ಸಾಲಿಗೆ ನೇರ ಎದುರಿಗೆ, ಬಲೆ ಬಿಗಿದ ಮರದ ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಂದೊಂದರ ಮೇಲೂ ಸೀಳಿದ ಮೀನುಗಳು ಬಿಸಿಲಿಗೆ ಎದೆ ತೆರೆದು ಮಲಗಿದ್ದವು. ಹಿಂದೆ ಕೊಡೆಯ ನೆರಳಲ್ಲಿ ಹೆಂಗಸರು, ತಲೆಗೆ ಬಟ್ಟೆ ಕಟ್ಟಿ, ಗಿಡ್ಡ ಲಂಗ ತೊಟ್ಟು, ಮೀನು ಸೀಳುತ್ತ, ಮಾರುತ್ತ, ಹೋಗಿಬರುವವರನ್ನು ಕೂಗಿ ಕರೆಯುತ್ತ ಕೂತಿದ್ದರು. ಊರಿನ ಅತಿ ಚೆಂದದ ಜಾಗ ಅದು. ಅಲ್ಲೇ ಮೀನು ಒಣಗುತ್ತಿತ್ತು.

ದೊಡ್ಡಮ್ಮ ನೇರ ನಡೆದು ಹೋಗಿ ಒಂದು ಮೀನನ್ನು ಎತ್ತಿ, ಮಗುಚಿ, ಮೂಸಿ ನೋಡಿದಳು. ಕೊಡೆಯ ಕೆಳಗಿದ್ದ ಹೆಂಗಸು, ಅರವತ್ತರ ಆಸುಪಾಸಿನವಳು, ಎದ್ದು ಬಂದು ಗದರಿದಳು.

"ಉಪ್ಪ್ ಕಮ್ಮಿ ಆಯ್ತ್," ಎಂದಳು ದೊಡ್ಡಮ್ಮ ಅವಳಿಗೆ.

ಹೆಂಗಸು ಇನ್ನಷ್ಟು ಗದರಿದಳು. ದೊಡ್ಡಮ್ಮ ಮೀನನ್ನು ಇಟ್ಟು, ಪಕ್ಕದ ಚೌಕಟ್ಟಿನ ಮೇಲೆ ಸರಿಯಾಗಿ ಬಿಚ್ಚಿಕೊಳ್ಳದ ಇನ್ನೊಂದನ್ನು ತೆಗೆದು, ಹೆಬ್ಬೆರಳಿನಿಂದ ಬೆನ್ನೆಲುಬಿನುದ್ದಕ್ಕೂ ಒಮ್ಮೆ ಒತ್ತಿದಳು. ಮೀನು ಪುಸ್ತಕದಂತೆ ಚಪ್ಪಟೆಯಾಯಿತು. ಹೆಂಗಸು ಬಾಯಿ ಮುಚ್ಚಿದಳು. ದೊಡ್ಡಮ್ಮನ ಅಂಗೈಯನ್ನು ತಿರುಗಿಸಿ ನೋಡಿದಳು. ಹೆಬ್ಬೆರಳ ಬುಡದ ಹಳೆಯ ಗಾಯದ ಕಲೆಗಳನ್ನು ಮುಟ್ಟಿದಳು. ತನ್ನದನ್ನೂ ತೋರಿಸಿದಳು. ಆಮೇಲೆ ಒಂದು ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿ, ಅದರ ಮೇಲೊಮ್ಮೆ ತಟ್ಟಿದಳು. ಕೂರು ಎಂದು.

ದೊಡ್ಡಮ್ಮ ಒಂದೂವರೆ ಗಂಟೆ ಅಲ್ಲಿ ಕೂತಳು. ನಾನು ದಂಡೆಯ ಗೋಡೆಯ ಮೇಲಿದ್ದೆ. ಇಬ್ಬರೂ ಸೀಳುತ್ತಿದ್ದರು. ಪ್ರವಾಸಿಗಳು ಫೋಟೋ ತೆಗೆಯುತ್ತಿದ್ದರು. ಸೀರೆಯುಟ್ಟ ದೊಡ್ಡಮ್ಮನನ್ನೂ ಅವರು ಆ ಊರಿನವಳೇ ಎಂದುಕೊಂಡಿರಬೇಕು. ಒಮ್ಮೆ ಅವಳು ತಲೆ ಎತ್ತಿ, ಹೆಂಡತಿಯೊಡನೆ ಹೋಗುತ್ತಿದ್ದ ಒಬ್ಬ ದಪ್ಪ ಮನುಷ್ಯನಿಗೆ ಕೂಗಿದಳು.

"ಹ್ವಾಯ್! ಮೀನ್ ಬ್ಯಾಡ್ದಾ?"

ಅವನು ನಿಂತ. ವಾಪಸು ಬಂದ. ಕೊಂಡ. ಪೋರ್ಚುಗೀಸ್ ಹೆಂಗಸು ನಕ್ಕ ನಗು ನಾನಿದ್ದಲ್ಲಿಗೆ ಕೇಳಿಸಿತು. ಆಮೇಲೆ ಅವಳೂ ಕೂಗತೊಡಗಿದಳು: "ಹ್ವಾಯ್! ಹ್ವಾಯ್!"

ದೊಡ್ಡಮ್ಮನ ಮುಖವನ್ನು ನಾನು ಅಷ್ಟು ಹೊತ್ತು, ಅಷ್ಟು ನೇರವಾಗಿ, ಅವಳು ಕೆಲಸದಲ್ಲಿರುವಾಗ ನೋಡಿದ್ದು ಅದೇ ಮೊದಲು.

ಅದೇ ಸಂಜೆ, ಇನ್ನೂ ಬಿಸಿಲಿರುವಾಗ, ಭಾಸ್ಕರಣ್ಣನ ಫೋನ್ ಬಂತು. ಒಪ್ಪಿಕೊಂಡಿದ್ದ ಕೆಲಸ ಬೇಗ ಮುಗಿದಿತ್ತು. "ಅಮ್ಮಾ, ನಾಳಿ ಹಿಂದಿನ್ ಪೈಪ್ ಹೂಳ್ತೆ ಅಕಾ? ಹುಡ್ರ್ ಖಾಲಿ ಕೂಕಂಡಿದ್ರ್," ಎಂದರು. ಒಂದು ಗಂಟೆ ಬಿಟ್ಟು ಹೇಳುತ್ತೇನೆ ಎಂದೆ.

ಚೀಲದಿಂದ ನಕ್ಷೆ ತೆಗೆದು ಗೋಡೆಯ ಮೇಲೆ ಹರವಿ, ನಾಲ್ಕು ಮೂಲೆಗೂ ಕಲ್ಲಿಟ್ಟೆ. "ದೊಡ್ಡಮ್ಮ, ಭಾಸ್ಕರಣ್ಣ ನಾಳಿ ಶುರು ಮಾಡ್ತ್ರ್ ಅಂಬ್ರ್. ಇನ್ನ್ ಒಂದೇ ಸಲ ಕಾಣ್."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ಬೆರಳನ್ನು ಎದುರಿನ ಬಾಗಿಲಿನಿಂದ ಹಾಲ್ ದಾಟಿಸಿ, ಅಡುಗೆಮನೆ ದಾಟಿಸಿ, ಹಿಂದಿನ ಸಣ್ಣ ಕೋಣೆಗೆ ತಂದಳು. ಅಲ್ಲಿ ನಿಂತಳು.

"ಈ ಕ್ವಾಣಿ ಎಂತಕೆ?"

"ಮೀನ್ ಕೊಯ್ಯುಕೆ, ತೊಳುಕೆ. ನಿಂಗೇ ಅಂದ್ ಮಾಡಿದ್."

"ಹಿಂದ್ ಎಂತಕೆ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮೀನಿನ್ ಕೆಲ್ಸ ಹಿಂದೇ ಅಲ್ದಾ? ಎಲ್ರ್ ಮನ್ಯಂಗೂ ಹಾಂಗೇ ಅಲ್ದಾ?"

"ಹೌದ್. ಎಲ್ರ್ ಮನ್ಯಂಗೂ ಹಾಂಗೇ." ಅವಳು ಕಡಲ ಕಡೆ ನೋಡಿದಳು. ಆ ಹೆಂಗಸು ಕೊಡೆ ಮಡಚುತ್ತಿದ್ದಳು. "ಮೂವತ್ತ್ ವರ್ಷ ಬುಟ್ಟಿ ಹೊತ್ಕಂಡ್ ಆ ಓಣಿ ತಿರ್ಗಿದೆ ಹೆಣೆ. ಯಾರ್ ಮನಿ ಹಿಂಬಾಗ್ಲಿಗೆ ಎಷ್ಟ್ ಮೆಟ್ಲ್ ಅಂದ್ ಕೇಳ್, ಹೇಳ್ತೆ. ಎದ್ರ್ ಬಾಗ್ಲ್ ಹ್ಯಾಂಗಿತ್ತ್ ಅಂದ್ ಕೇಳ್ಬೇಡ. ನಾ ಕಾಣ್ಲೇ ಇಲ್ಲೆ."

ಗಾಳಿಗೆ ಸರಿದ ಒಂದು ಮೂಲೆಯ ಕಲ್ಲನ್ನು ನಾನು ಮತ್ತೆ ನಕ್ಷೆಯ ಮೇಲಿಟ್ಟೆ.

"ಯಾರೂ ಬೈಲಿಲ್ಲೆ. ಒಳ್ಳೆ ಜನವೇ. ಕುಡುಕ್ ನೀರ್ ಕೊಡ್ತಿದ್ರ್, ಬೆಲ್ಲ ಕೊಡ್ತಿದ್ರ್. ಹಿಂದ್ ಕೊಡ್ತಿದ್ರ್, ಅಷ್ಟೇ." ಬೆರಳು ಆ ಕೋಣೆಯ ಮೇಲೇ ಇತ್ತು. "ಈಗ ನಂದೇ ಮನಿ ಕಟ್ಟಿ, ಅಲ್ಲೂ ನಾನ್ ಹಿಂದ್ ಹೋಯಿ ಕೂಕಣ್ಕಾ?"

ಐದು ವರ್ಷ ವಿನ್ಯಾಸ ಓದಿದವಳು ನಾನು. ಗಾಳಿ ಎಲ್ಲಿಂದ ಬರುತ್ತದೆ, ಬೆಳಕು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದೆಲ್ಲ ಲೆಕ್ಕ ಹಾಕಿದ್ದೆ. ಮೀನಿನ ಕೋಣೆಯನ್ನು ಎಲ್ಲಿಡುವುದು ಎಂದು ಮಾತ್ರ ಒಂದು ಕ್ಷಣವೂ ಯೋಚಿಸಿರಲಿಲ್ಲ. ಕೈ ತಾನಾಗಿ ಹಿಂದಕ್ಕೆ ಹೋಗಿತ್ತು.

ಭಾಸ್ಕರಣ್ಣನಿಗೆ ಫೋನ್ ಮಾಡಿದೆ. "ಪೈಪ್ ಹೂಳ್ಬೇಡಿ. ನಾನ್ ಬಪ್ಪುವರೆಗ್ ಎಂತದೂ ಮಾಡ್ಬೇಡಿ," ಎಂದೆ.

ಪೋರ್ಟೊಗೆ ಹೋಗುವ ಬಸ್ಸು

ಮರುದಿನ ಬಸ್ಸಿನಲ್ಲಿ ನಮಗೆ ಮುಂದಿನ ಸೀಟು ಸಿಕ್ಕಿತು, ದೊಡ್ಡ ಗಾಜಿಗೆ ಅಂಟಿಕೊಂಡೇ. ದೊಡ್ಡಮ್ಮ ನೀಲಗಿರಿ ತೋಪುಗಳನ್ನು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನನ್ನ ಕತ್ತಿನ ಹತ್ತಿರ ಕೈ ತಂದು, ಗಿಡ್ಡ ಕೂದಲನ್ನು ಹಿಡಿದು ಎಳೆದಳು.

"ಎಷ್ಟ್ ಉದ್ದ ಜಡಿ ಇದ್ದಿತ್ತ್ ನಿಂಗೆ! ಬೈಂದೂರ್ ಕಾಲೇಜಿಗ್ ಹೋಪತಿಗೆ. ಬಸ್ಸಿನ್ ಹಿಂದ್ ಕೂಕಂಡ್ರೆ ಅದೇ ಕಾಂಬುದ್ ನಂಗೆ. ಎಂತಕ್ ಕತ್ರಿಸ್ದೆ ಮಾರಾಯ್ತಿ?"

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ಪ್ರವಾಸದ ಅರ್ಧ ಬಿಟ್ಟಂತಾಗುತ್ತದೆ.

ಎರಡು ವರ್ಷ ನಾನು ಬೈಂದೂರಿನಿಂದ ಸಂಜೆಯ ಬಸ್ಸಿನಲ್ಲಿ ಮರವಂತೆಗೆ ಮರಳುತ್ತಿದ್ದೆ. ಗೆಳತಿಯರ ಜೊತೆ, ಮುಂದಿನ ಸೀಟುಗಳಲ್ಲಿ. ಬಿಜೂರಿನಲ್ಲಿ ದೊಡ್ಡಮ್ಮ ಖಾಲಿ ಬುಟ್ಟಿಯೊಂದಿಗೆ ಹಿಂದಿನ ಬಾಗಿಲಿನಿಂದ ಹತ್ತುತ್ತಿದ್ದಳು. ಖಾಲಿ ಬುಟ್ಟಿಗೂ ವಾಸನೆ ಇರುತ್ತದೆ. ಗೆಳತಿಯರು ಕರವಸ್ತ್ರ ತೆಗೆಯುತ್ತಿದ್ದರು. ಕಂಡಕ್ಟರನ ಜೊತೆ ಅವಳು ತಮಾಷೆ ಮಾಡುವುದು ನನಗೆ ಕೇಳುತ್ತಿತ್ತು. ನಾನು ತಿರುಗುತ್ತಿರಲಿಲ್ಲ. ಮರವಂತೆಯಲ್ಲಿ ನಾನು ಮುಂದಿನಿಂದ ಇಳಿಯುತ್ತಿದ್ದೆ, ಅವಳು ಹಿಂದಿನಿಂದ. ಬಸ್ಸು ಹೋದ ಮೇಲೆ, ಆಗಷ್ಟೇ ಕಂಡವಳಂತೆ ಮಾತಾಡಿಸುತ್ತಿದ್ದೆ. ಅವಳೂ ಆಗಷ್ಟೇ ಕಂಡವಳಂತೆ ಮಾತಾಡುತ್ತಿದ್ದಳು. ಇಬ್ಬರೂ ಮಾತಾಡುತ್ತ ಮನೆಗೆ ನಡೆಯುತ್ತಿದ್ದೆವು.

ಅವಳಿಗೆ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆ.

"ತಲಿ ಒಣಗ್ತಿದ್ದಿಲ್ಲೆ, ಅದ್ಕೇ ಕತ್ರಿಸ್ದೆ," ಎಂದೆ. ಅಷ್ಟೇ ಹೇಳಲು ಆದದ್ದು. ಅವಳು "ಹ್ಞಾಂ" ಎಂದು ಮತ್ತೆ ಹೊರಗೆ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ತಲೆ ನನ್ನ ಹೆಗಲ ಮೇಲೆ ವಾಲಿತು, ನಿದ್ದೆ. ನಾನು ಅಲ್ಲಾಡದೆ, ಒಂದೇ ಕೈಯಲ್ಲಿ, ಮಡಿಲ ಮೇಲೆ ಪುಸ್ತಕ ಇಟ್ಟುಕೊಂಡು ಹೊಸ ನಕ್ಷೆ ಶುರು ಮಾಡಿದೆ. ಮೊದಲ ಗೆರೆ ಓಣಿಯ ಕಡೆಯಿಂದ ಎಳೆದೆ.

ಅಫುರಾದ

ಪೋರ್ಟೊ ನಗರದ ನದಿಯಾಚೆ, ಕಡಲ ಬಾಯಿಯ ಹತ್ತಿರ ಅಫುರಾದ ಎಂಬ ಮೀನುಗಾರರ ಕೇರಿಯಿದೆ. ನಮ್ಮ ಕುಂದಾಪುರದ ಹತ್ತಿರದ ಗುಲ್ವಾಡಿಯ ಹೊಳೆಬದಿಯನ್ನು ಯಾರೋ ಒತ್ತೊತ್ತಾಗಿ ಮಡಚಿಟ್ಟ ಹಾಗೆ. ಸಣ್ಣ ಸಣ್ಣ ಮನೆಗಳು, ಎದುರುಗೋಡೆಗೆ ಟೈಲ್ಸ್. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಎದುರಿಗೇ, ಬೀದಿಯಲ್ಲೇ, ಕೆಂಡದ ಒಲೆ ಇಟ್ಟು ಮೀನು ಸುಡುತ್ತಾರೆ. ಬೈಗೆ ಮೀನು, ಮಂಗಳೂರಿನ ಕಡೆಯವರು ಬೂತಾಯಿ ಎನ್ನುತ್ತಾರಲ್ಲ, ಅದೇ. ಹೊಗೆ ಬೀದಿ ತುಂಬುತ್ತದೆ, ಯಾರೂ ಮೂಗು ಮುಚ್ಚುವುದಿಲ್ಲ.

"ಗಂಡ್ಸ್ರ್ ಮೀನ್ ಸುಡ್ತ್ರ್ ಕಾಣ್!" ದೊಡ್ಡಮ್ಮನ ಕಣ್ಣು ಅರಳಿತು. "ಭಾಸ್ಕರಂಗೆ ಒಂದ್ ಫೋಟೋ ಕಳ್ಸ್."

ನಾನು ಈಗ ಸೌಂದರ್ಯ ನೋಡುತ್ತಿರಲಿಲ್ಲ. ಎದುರಿಗೆ ಮೀನಿಟ್ಟವರು ಅದನ್ನು ಹೇಗೆ ನಿಭಾಯಿಸುತ್ತಾರೆ ಎಂದು ನೋಡುತ್ತಿದ್ದೆ. ಊಟ ಮುಗಿದ ಮೇಲೆ ಒಬ್ಬ ಅಜ್ಜಿ ಬಾಗಿಲಿಗೆ ಬಂದು, ಎರಡು ಬಕೆಟ್ ನೀರನ್ನು ಗೋಡೆಗೆ ಎರಚಿ, ಉದ್ದ ಹಿಡಿಯ ಕಸಬರಿಕೆಯಿಂದ ಉಜ್ಜಿದಳು. ಎಣ್ಣೆ, ಮಸಿ, ಪೊರೆ, ಎಲ್ಲ ಟೈಲ್ಸಿನಿಂದ ಜಾರಿ ನೆಲದ ಇಳಿಜಾರಿನಲ್ಲಿ ಹರಿದು ಹೋಯಿತು. ಐದು ನಿಮಿಷದಲ್ಲಿ ಗೋಡೆ ಹೊಸದು. ಲಿಸ್ಬನ್ನಿನಲ್ಲಿ ನಾನು ಬಣ್ಣ ಎಂದು ಬರೆದುಕೊಂಡಿದ್ದರ ಅರ್ಥ ಇದು. ಆ ಟೈಲ್ಸ್ ಅಲಂಕಾರಕ್ಕಷ್ಟೇ ಇರಲಿಲ್ಲ. ಬೀದಿಯಲ್ಲಿ ಬದುಕುವವರ ಅನುಕೂಲ ಅದು.

ಪುಸ್ತಕ ತೆಗೆದು ಬರೆಯುತ್ತ ಹೋದೆ. ಬಿಜೂರಿನ ಮನೆಯ ಮುಖ ಉತ್ತರಕ್ಕೆ. ಪಡುಗಾಳಿ ಜಗಲಿಯುದ್ದಕ್ಕೂ ಬೀಸಿ ಹೋಗುತ್ತದೆ, ವಾಸನೆ ಒಳಗೆ ತಿರುಗದು. ಅಡುಗೆಮನೆ ಎದುರಿನ ಮೂಲೆಗೆ, ಓಣಿಗೆ ತೆರೆಯುವ ಅಗಲ ಜನೇಲು. ಜಗಲಿಯಲ್ಲಿ ತಗ್ಗಿನ ಮೀನಿನ ಕಲ್ಲು, ನಲ್ಲಿ, ಗೋಡೆಗೆ ಎದೆಯೆತ್ತರದವರೆಗೆ ಟೈಲ್ಸ್. ನೀರು ಹರಿದು ತೆಂಗಿನ ಬುಡಕ್ಕೆ.

"ಇನ್ನೊಂದ್ ಬೇಕ್," ಎಂದಳು ದೊಡ್ಡಮ್ಮ, ಪುಸ್ತಕದೊಳಗೆ ಇಣುಕಿ. ಅವಳು ತಾನಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. "ಬುಟ್ಟಿ ಇಳ್ಸುಕ್ ಒಂದ್ ಕಲ್ಲ್. ಮೇಲೆ. ತಲಿಂದ ಸೀದಾ ಸರ್ಸುವಂಗೆ. ತುಂಬಿದ್ ಬುಟ್ಟಿ ಇಳ್ಸುಕ್ ನಂಗೆ ಯಾರೂ ಸಿಕ್ತಿದ್ದಿಲ್ಲೆ. ಬಗ್ಗಿ ಬಗ್ಗಿಯೇ ಈ ಮಂಡಿ ಹೋದ್ದ್."

"ಈಗ ಬುಟ್ಟಿ ಹೊರುದ್ ಸುಜಾತ ಅಲ್ದಾ?"

"ಹೌದ್. ಅವ್ಳಿಗೇ."

ಅಜ್ಜಿಯ ತೊಳೆದ ಗೋಡೆಗೆ ದೊಡ್ಡಮ್ಮನನ್ನು ಒರಗಿಸಿ ನಿಲ್ಲಿಸಿ, ಟೇಪು ಬಿಚ್ಚಿ ನೆಲದಿಂದ ಅವಳ ನೆತ್ತಿಯವರೆಗೆ ಅಳೆದೆ. ಮೀನು ಸುಡುತ್ತಿದ್ದವನೊಬ್ಬ ಏನೋ ಹೇಳಿ ನಕ್ಕ. ಶವಪೆಟ್ಟಿಗೆಯ ಅಳತೆಯೋ ಎಂದು ಕೇಳಿದ್ದಿರಬೇಕು. ಅವನ ಹೆಂಡತಿ ಅವನ ಬೆನ್ನಿಗೆ ಒಂದು ಕೊಟ್ಟಳು. ಆಮೇಲೆ ನಮ್ಮಿಬ್ಬರಿಗೂ ರೊಟ್ಟಿಯ ಮೇಲೆ ಒಂದೊಂದು ಬೈಗೆ ಇಟ್ಟು ಕೊಟ್ಟಳು. ದೊಡ್ಡಮ್ಮ ತಿಂದು ಹೇಳಿದಳು: "ಹುಳಿ ಇಲ್ಲೆ, ಖಾರ ಇಲ್ಲೆ. ಆದ್ರೂ ಮೀನ್ ಒಳ್ಳೇದೇ ಇತ್ತ್."

ಮತ್ತೆ ಬಿಜೂರು

ಭಾಸ್ಕರಣ್ಣ ಹೊಸ ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿದರು. ತಲೆಕೆಳಗಾಗಿ ಹಿಡಿದಿದ್ದೇನೆ ಎಂದು ಅವರಿಗೆ ಅನುಮಾನ.

"ಎದ್ರಂಗೆ ಮೀನಿನ್ ಕಲ್ಲಾ? ಜಗ್ಲಿ ಮೇಲಾ? ಹ್ವಾಯ್ ಅಕ್ಕ, ದಾರ್ಯಂಗ್ ಹೋಪ್ ಜನ ಎಂತ ಹೇಳ್ತ್ರ್?"

"ಎಂತ ಮೀನ್ ಅಂದ್ ಕೇಳ್ತ್ರ್," ಎಂದಳು ದೊಡ್ಡಮ್ಮ.

ಅವರು ಮೂರು ದಿನ ಗೊಣಗಿದರು. ನಾಲ್ಕನೇ ದಿನ, ಕಲ್ಲಿನ ಇಳಿಜಾರು ಸಾಲದು, ನೀರು ನಿಲ್ಲುತ್ತದೆ ಎಂದು ತಾವೇ ಹೇಳಿ ಇನ್ನೊಂದು ಬೆರಳು ಇಳಿಸಿದರು. ಟೈಲ್ಸನ್ನು ಇಲ್ಲಿಯದೇ ತಂದೆವು. ನೀಲಿ ಅಂಚಿನ ಬಿಳಿ. ನಡುವೆ ಒಂದೇ ಒಂದು ಲಿಸ್ಬನ್ನಿನದು, ನಾನು ಬರೆದ ಮೀನು. ಎಲ್ಲರೂ ಅದನ್ನು ಬಾಳೆಹಣ್ಣು ಎನ್ನುತ್ತಾರೆ. ದೊಡ್ಡಮ್ಮ ಒಬ್ಬಳೇ ಈಗ "ಮೀನ್ ಅದ್, ಕಣ್ ಕಾಂತಿಲ್ಲ್ಯಾ?" ಎಂದು ಗದರುತ್ತಾಳೆ.

ಒಕ್ಕಲಾದ ನಾಲ್ಕನೇ ದಿನ ಬೆಳಿಗ್ಗೆ ನಾನು ಅಲ್ಲಿದ್ದೆ. ಕಪಾಟಿನ ಒಂದು ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ದೊಡ್ಡಮ್ಮ ಜನೇಲಿನ ಬುಡದಲ್ಲಿ ಕಾಯಿ ತುರಿಯುತ್ತಿದ್ದಳು. ಓಣಿಯ ಆ ತುದಿಯಿಂದ ಸುಜಾತಳ ಕೂಗು ಕೇಳಿತು. ಹತ್ತಿರ ಬಂತು. ಗೇಟಿನವರೆಗೆ ಬಂದು, ಅಲ್ಲಿಂದ ಪಕ್ಕಕ್ಕೆ ಸರಿದು, ಮನೆಯ ಹಿಂದಕ್ಕೆ ಹೋಯಿತು. ಹಿಂದೆ ಹೋಗಿ ನಿಂತಿತು.

ದೊಡ್ಡಮ್ಮ ತುರಿಯುವುದನ್ನು ನಿಲ್ಲಿಸಿದಳು. ನನ್ನನ್ನು ನೋಡಿದಳು. ಅವಳ ಬಾಯಿಯ ಒಂದು ತುದಿ ನಗುತ್ತಿತ್ತು.

"ಹ್ವಾಯ್ ಸುಜಾತ!" ಎಂದು ಕೂಗಿದಳು. "ಅತ್ಲಾಗ್ ಎಂತಕ್ ಹೋದೆ? ಅಲ್ ಬಾಗ್ಲೇ ಇಲ್ಲೆ!"

ಸುಜಾತ ಮೂಲೆ ಸುತ್ತಿ ಬಂದಳು. ತಲೆಯ ಮೇಲೆ ತುಂಬಿದ ಬುಟ್ಟಿ, ಒಂದು ಕೈ ಅದರ ಅಂಚಿಗೆ. ಅಂಗಳದ ನಡುವೆ ನಿಂತು ಜಗಲಿಯನ್ನು, ಬಿಳಿ ಗೋಡೆಯನ್ನು, ತನ್ನ ನೆತ್ತಿಯೆತ್ತರಕ್ಕೆ ಚಾಚಿಕೊಂಡ ಕಲ್ಲನ್ನು ನೋಡಿದಳು.

"ಎದ್ರಿಂದವಾ, ಅಕ್ಕ?"

"ಎದ್ರಿಂದವೇ. ಬಾ."

ಸುಜಾತ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ಕಲ್ಲಿನ ಹತ್ತಿರ ಹೋಗಿ, ಬಗ್ಗದೆ, ಯಾರನ್ನೂ ಕರೆಯದೆ, ಬುಟ್ಟಿಯನ್ನು ತಲೆಯಿಂದ ಸೀದಾ ಅದರ ಮೇಲೆ ಸರಿಸಿದಳು.